ಕೊಂಡಪಲ್ಲಿಯಿಂದ ಕೊಲ್ಲೇರಿಗೆ: ಸರೋವರದ ದಂಡೆಯಲ್ಲಿ ಒಂದು ವಿರಾಮದ ದಿನ

ಆಫ್ರಿಕಾ ಖಂಡದ ಸರೋವರಗಳ ದಂಡೆಯ ಮೇಲಿರುವ ವಸತಿಗೃಹಗಳ ಚಿತ್ರಗಳನ್ನು ಈಚಿನ ವರ್ಷಗಳಲ್ಲಿ ನೋಡದವರು ವಿರಳ. ಕೀನ್ಯಾ, ತಾಂಜಾನಿಯಾ ದೇಶಗಳಿಗೆ ಹೋಗಿ ಬಂದ ಬಂಧುಗಳು ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಈಗ ಇದ್ದಾರೆ. ಅವರು ತೋರಿಸುವ ಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆಯವು: ಮರದ ಜಗಲಿ, ಅದರ ಮೇಲೊಂದು ಬೆತ್ತದ ಕುರ್ಚಿ, ಕೈಯಲ್ಲಿ ಕಾಫಿಯ ಲೋಟ, ಎದುರಿಗೆ ವಿಶಾಲವಾದ ನೀರು, ನೀರಿನಾಚೆ ಒಂದು ನೀರಾನೆ ಅಥವಾ ಸಾವಿರಾರು ರಾಜಹಂಸಗಳು. ಈ ಬಗೆಯ ವಿರಾಮವು ಹೇಗೆ ಹುಟ್ಟಿತು, ಅದಕ್ಕೆ ಏನೇನು ಬೇಕು, ವಿಶಾಖಪಟ್ಟಣ ಮತ್ತು ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಅದರ ಸಮೀಪದ ರೂಪ ಎಲ್ಲಿ ದೊರೆಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾಡಿನಲ್ಲಿ ಮೃಗಗಳನ್ನು ಬೆನ್ನಟ್ಟುವುದು ಬೇಟೆಗಾರನ ಪದ್ಧತಿ. ನೀರಿನ ಬಳಿ ಕುಳಿತು ಅವು ಬರುವವರೆಗೆ ಕಾಯುವುದು ಅದಕ್ಕಿಂತ ಭಿನ್ನವಾದ, ಹೆಚ್ಚು ತಾಳ್ಮೆಯ ಪದ್ಧತಿ. ಕೀನ್ಯಾದ ಅಬರ್ಡೇರ್ ಬೆಟ್ಟಗಳಲ್ಲಿ 1932ರಲ್ಲಿ ಒಂದು ನೀರಿನ ಹೊಂಡದ ಪಕ್ಕದ ಮರದ ಮೇಲೆ ಕಟ್ಟಿದ ಟ್ರೀಟಾಪ್ಸ್ ಎಂಬ ಸಣ್ಣ ಅಟ್ಟಣೆಮನೆಯು ಈ ಎರಡನೆಯ ಪದ್ಧತಿಯನ್ನು ಜಗತ್ಪ್ರಸಿದ್ಧಗೊಳಿಸಿತು. 1952ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಅಲ್ಲಿ ತಂಗಿದ್ದ ರಾತ್ರಿಯೇ ಆಕೆಯ ತಂದೆ ತೀರಿಕೊಂಡರು, ಆಕೆ ರಾಣಿಯಾದರು. ಅಂದು ಆ ಅಟ್ಟಣೆಯಲ್ಲಿ ಜೊತೆಗಿದ್ದವರಲ್ಲಿ ನಮ್ಮ ಕುಮಾವೂಂ ಕಾಡುಗಳ ಜಿಮ್ ಕಾರ್ಬೆಟ್ ಕೂಡ ಒಬ್ಬರು ಎಂಬುದು ಸ್ವಾರಸ್ಯಕರ. ಮುಂದೆ ಅದೇ ಮಾದರಿಯು ನೀರಿನ ಹೊಂಡದಿಂದ ಸರೋವರಗಳಿಗೆ ಹರಡಿತು.

ನಮ್ಮ ಕರ್ನಾಟಕಕ್ಕೆ ಈ ಮಾದರಿ ಬಂದುದು ನೇಪಾಳದ ಮೂಲಕ. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಆರಂಭದಲ್ಲಿ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಯೋಗದಲ್ಲಿತ್ತು. ಹೆಗ್ಗಡದೇವನಕೋಟೆ ತಾಲೂಕಿನ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಹಳೆಯ ಬೇಟೆ ಬಂಗಲೆಗಳ ಆವರಣದಲ್ಲಿ, ಕಬಿನಿ ಹಿನ್ನೀರಿನ ದಂಡೆಯ ವಸತಿಗೃಹ ತಲೆಯೆತ್ತಿತು. ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರು ಅಲ್ಲಿಯೇ ದಶಕಗಳ ಕಾಲ ನೆಲೆಸಿ 2010ರಲ್ಲಿ ನಿಧನರಾದರು. ಅಲ್ಲಿನ ಗುಟ್ಟು ಸರಳವಾದುದು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದ ಮೇಲೆ ಹಿಂದೆ ಕಾಡಾಗಿದ್ದ ಕಣಿವೆ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾಗುವ ಕೆಸರುನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿರುವಾಗ ಆ ಹುಲ್ಲಿಗಾಗಿ ನಾಗರಹೊಳೆ, ಬಂಡೀಪುರ, ವಯನಾಡುಗಳಿಂದ ಆನೆಗಳು ನೂರಾರು ಸಂಖ್ಯೆಯಲ್ಲಿ ಇಳಿದು ಬರುತ್ತವೆ. ಜಗಲಿಯ ಮೇಲೆ ಕುಳಿತವನ ವಿರಾಮವು ಹೀಗೆ ನೀರಿನ ಏರಿಳಿತದ ಮೇಲೆ ನಿಂತಿದೆ. ನೀರು ಸದಾ ಒಂದೇ ಮಟ್ಟದಲ್ಲಿದ್ದರೆ ಕಬಿನಿಯಲ್ಲಿ ನೋಡಲು ಅಷ್ಟೇನೂ ಇರುತ್ತಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಕೊಲ್ಲೇರಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಬ್ಯಾಂಕಿನ ವರ್ಗಾವಣೆಯಿಂದ ವಿಜಯವಾಡಕ್ಕೆ ಬಂದ ನನಗೆ ಆರಂಭದಲ್ಲಿ ಈ ಊರಿನ ಸುತ್ತ ನೋಡುವಂಥದ್ದು ಕನಕದುರ್ಗೆಯ ಗುಡಿ ಮತ್ತು ಪ್ರಕಾಶಂ ಬ್ಯಾರೇಜು ಮಾತ್ರ ಎಂದು ಹೇಳಿದವರೇ ಹೆಚ್ಚು. ವಾಸ್ತವದಲ್ಲಿ ಊರಿನಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಕೊಂಡಪಲ್ಲಿಯ ಬೆಟ್ಟಸಾಲನ್ನೂ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಕೊಲ್ಲೇರು ಸರೋವರವನ್ನೂ ಒಂದೇ ದಿನದಲ್ಲಿ ನೋಡಬಹುದು. ಇವೆರಡೂ ಪ್ರತ್ಯೇಕ ಸ್ಥಳಗಳೆಂದು ಪ್ರವಾಸಿಗಳು ಭಾವಿಸುತ್ತಾರೆ. ಆದರೆ ಅವುಗಳ ನಡುವೆ ಒಂದು ಹೊಳೆ ಹರಿಯುತ್ತದೆ, ಅದರ ಹೆಸರು ಬುಡಮೇರು. ಕೊಂಡಪಲ್ಲಿ, ಮೈಲವರಂ ಸುತ್ತಲ ಬೆಟ್ಟಗಳ ಮಳೆನೀರನ್ನು ಹೊತ್ತು ವಿಜಯವಾಡದ ಮಗ್ಗುಲಲ್ಲಿ ಹಾದು ಅದು ಕೊಲ್ಲೇರನ್ನು ಸೇರುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಸರೋವರದಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲವನಿಗೆ ಈ ದಿನದ ಪ್ರವಾಸ ಎರಡರಷ್ಟು ಅರ್ಥಪೂರ್ಣವಾಗುತ್ತದೆ.

ಬೆಳಗಿನ ಹೊತ್ತು ಕೊಂಡಪಲ್ಲಿಗೆ ಮೀಸಲಾಗಿರಲಿ. ಬಿಸಿಲೇರಿದ ಮೇಲೆ ಕೋಟೆ ಹತ್ತುವುದು ಕಷ್ಟ. ಕೊಂಡವೀಡಿನ ರೆಡ್ಡಿ ಅರಸರ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಈ ಕೋಟೆಯು ಮುಂದೆ ಗಜಪತಿಗಳು, ಬಹಮನಿಗಳು, ವಿಜಯನಗರ, ಗೋಲ್ಕೊಂಡದ ಕುತುಬ್‌ಶಾಹಿಗಳು, ಮೊಗಲರು ಹೀಗೆ ಕೈಯಿಂದ ಕೈಗೆ ದಾಟಿ 1766ರಲ್ಲಿ ಇಂಗ್ಲಿಷರ ವಶವಾಯಿತು. ಕನ್ನಡಿಗರಿಗೆ ಇಲ್ಲಿ ಮುಖ್ಯವಾದ ಹೆಸರು ಕೃಷ್ಣದೇವರಾಯನದು. 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು ಕೈಸೇರಿದ ಬಳಿಕ ಅವನು ಕೃಷ್ಣೆಯನ್ನು ದಾಟಿ ಕೊಂಡಪಲ್ಲಿಗೆ ಮುತ್ತಿಗೆ ಹಾಕಿದನು. ಗಜಪತಿಯ ಅನೇಕ ದಂಡನಾಯಕರು ಈ ಕೋಟೆಯಲ್ಲಿ ಸೆರೆಸಿಕ್ಕರು. ಅಲ್ಲಿಂದ ಅವನ ದಂಡು ಉತ್ತರಕ್ಕೆ ಸಾಗಿ ಸಿಂಹಾಚಲವನ್ನು ತಲುಪಿತು. ಈ ವಿಜಯಗಳನ್ನು ಹೇಳುವ ಶಾಸನವು ವಿಶಾಖಪಟ್ಟಣದ ಸಿಂಹಾಚಲ ದೇಗುಲದಲ್ಲಿದೆ. ಇದೇ ದಂಡಯಾತ್ರೆಯ ನಡುವೆ ವಿಜಯವಾಡದಲ್ಲಿ ತಂಗಿದ್ದು, ಕೃಷ್ಣಾತೀರದ ಶ್ರೀಕಾಕುಳದ ಆಂಧ್ರವಿಷ್ಣುವಿನ ದರ್ಶನ ಮಾಡಿದಾಗ ಆಮುಕ್ತಮಾಲ್ಯದವನ್ನು ರಚಿಸುವಂತೆ ಸ್ವಪ್ನದಲ್ಲಿ ದೇವರ ಅಪ್ಪಣೆಯಾಯಿತೆಂದು ಆ ಕಾವ್ಯದ ಪೀಠಿಕೆ ಹೇಳುತ್ತದೆ. ತೆಲುಗಿನಲ್ಲಿ ಬರೆ ಎಂದು ಆಜ್ಞಾಪಿಸುವ ದೇವರು ಅವನನ್ನು ಸಂಬೋಧಿಸುವುದು ಮಾತ್ರ ಕನ್ನಡರಾಯ ಎಂದು. ಪರಸ್ಥಳದಲ್ಲಿ ನೆಲೆಸಿರುವ ನಮಗೆ ಇದು ಹಿತವಾದ ಸಂಗತಿ.

ಕೋಟೆಯಲ್ಲಿ ಈಗ ಉಳಿದಿರುವುದು ಬಂಡೆಗೋಡೆಗಳು, ಬುರುಜುಗಳು, ಗಜಶಾಲೆ, ರಾಣಿಮಹಲಿನ ಅವಶೇಷಗಳು. ಮೇಲಿನಿಂದ ಒಂದು ಕಡೆಗೆ ಮೀಸಲು ಅರಣ್ಯ, ಇನ್ನೊಂದು ಕಡೆಗೆ ಇಬ್ರಾಹಿಂಪಟ್ಟಣದ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು, ಅವುಗಳಾಚೆ ಕೃಷ್ಣೆ ಕಾಣುತ್ತಾಳೆ. ಚಿಮಣಿಗಳು ನೋಟವನ್ನು ಕೆಡಿಸುತ್ತವೆ ಎನ್ನುವವರಿದ್ದಾರೆ. ಆ ಸ್ಥಾವರದ ವಿದ್ಯುತ್ತಿನಿಂದಲೇ ನಮ್ಮ ಮನೆಯ ಪಂಖ ತಿರುಗುವುದರಿಂದ ನಾನು ಆ ದೂರಿಗೆ ದನಿಗೂಡಿಸಲಾರೆ.

ಬೆಟ್ಟದ ಬುಡದಲ್ಲಿ ಗೊಂಬೆಗಾರರ ಬೀದಿಯಿದೆ. ಇಲ್ಲಿನ ಗೊಂಬೆಗೂ ನಮ್ಮ ಚನ್ನಪಟ್ಟಣದ ಗೊಂಬೆಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸುವುದು ಒಳ್ಳೆಯ ಪಾಠ. ಚನ್ನಪಟ್ಟಣದವರು ಆಲೆಮರವನ್ನು ಚರಕಿಗೆ ಕಟ್ಟಿ ತಿರುಗಿಸುತ್ತಾ ಕೊರೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹೊಳಪು ಕೊಡುತ್ತಾರೆ. ಆದ್ದರಿಂದ ಅವರ ಗೊಂಬೆಗಳೆಲ್ಲ ಉರುಟು. ಕೊಂಡಪಲ್ಲಿಯವರು ತೆಲ್ಲ ಪೊನಿಕಿ ಎಂಬ, ಹಿಡಿದರೆ ಬೆಂಡಿನಷ್ಟು ಹಗುರವಾದ ಮರವನ್ನು ಬೆಂಕಿಯ ಶಾಖದಲ್ಲಿ ಒಣಗಿಸಿ, ಕೈ ಕಾಲು ತಲೆಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆಬೀಜದ ಪುಡಿ ಮತ್ತು ಮರದ ಹೊಟ್ಟು ಕಲಸಿದ ಅಂಟಿನಿಂದ ಜೋಡಿಸುತ್ತಾರೆ. ಮೇಲೆ ಸುಣ್ಣ, ಅದರ ಮೇಲೆ ಆಡಿನ ಕೂದಲಿನ ಕುಂಚದಿಂದ ಬಣ್ಣ. ಆದಕಾರಣ ಇಲ್ಲಿ ಅಂಬಾರಿ ಆನೆಯಿದೆ, ದಶಾವತಾರವಿದೆ, ಹೆಂಡ ಇಳಿಸುವವನು ಏರುತ್ತಿರುವ ತಾಳೆಮರವಿದೆ. ನಾವು ದಸರೆಗೆ ಗೊಂಬೆ ಕೂರಿಸುವಂತೆ ಇಲ್ಲಿನವರಲ್ಲಿ ಸಂಕ್ರಾಂತಿಗೂ ಬೊಮ್ಮಲ ಕೊಲುವು ಇಡುವ ರೂಢಿಯುಂಟು. ಹಿಂದೆ ಬೆಟ್ಟದಲ್ಲಿಯೇ ಸಾಕಷ್ಟು ದೊರೆಯುತ್ತಿದ್ದ ಪೊನಿಕಿ ಮರ ಈಗ ವಿರಳವಾಗಿದೆ. ಗೊಂಬೆಯ ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ಹನ್ನೊಂದು ಗಂಟೆಯೊಳಗೆ ಕೊಂಡಪಲ್ಲಿಯಿಂದ ಹೊರಟರೆ ವಿಜಯವಾಡ, ಗುಡಿವಾಡ ಮಾರ್ಗವಾಗಿ ಮಧ್ಯಾಹ್ನದ ಊಟಕ್ಕೆ ಕೈಕಲೂರನ್ನು ತಲುಪಬಹುದು. ದಾರಿಯಲ್ಲಿ ಹೋಟೆಲಿನಲ್ಲಿ ಉಲವಚಾರು ಸಿಕ್ಕಿದರೆ ಬಿಡಬೇಡಿ. ಅದು ನಮ್ಮ ಹುರುಳಿಕಟ್ಟಿನ ಸಾರಿನ ಒಡಹುಟ್ಟು. ಇನ್ನಷ್ಟು ಹೊತ್ತು ಕುದಿಸಿ ಗಟ್ಟಿ ಮಾಡಿ ಕೆನೆಯೊಡನೆ ಬಡಿಸುತ್ತಾರೆ. ಗುಡಿವಾಡ ದಾಟಿದ ಮೇಲೆ ಭತ್ತದ ಗದ್ದೆಗಳು ಕಡಿಮೆಯಾಗಿ, ಎರಡೂ ಬದಿಗೆ ಏರಿಗಳು, ಏರಿಗಳ ನಡುವೆ ಚೌಕಾಕಾರದ ನೀರು ಕಾಣತೊಡಗುತ್ತದೆ. ಹೊಸಬರು ಇದನ್ನೇ ಕೊಲ್ಲೇರೆಂದು ತಿಳಿಯುತ್ತಾರೆ. ಇವು ಸರೋವರವಲ್ಲ, ಮೀನಿನ ಕೆರೆಗಳು. ಈ ಎರಡರ ನಡುವಿನ ವ್ಯತ್ಯಾಸವೇ ಕೊಲ್ಲೇರಿನ ಅರ್ಧ ಶತಮಾನದ ವಿವಾದದ ತಿರುಳು.

ಕೃಷ್ಣಾ ಮತ್ತು ಗೋದಾವರಿ ನದಿಗಳು ಸಾವಿರಾರು ವರ್ಷ ತಂದು ಸುರಿದ ಮಣ್ಣಿನಿಂದ ಎರಡು ಮುಖಜಭೂಮಿಗಳು ಬೆಳೆದು ಕಡಲಿನೊಳಕ್ಕೆ ಚಾಚಿಕೊಂಡವು. ಅವುಗಳ ನಡುವೆ ಉಳಿದ ತಗ್ಗೇ ಕೊಲ್ಲೇರು. ಬುಡಮೇರು, ತಮ್ಮಿಲೇರು ಮೊದಲಾದ ಹೊಳೆಗಳೂ ಅನೇಕ ಕಾಲುವೆಗಳೂ ಇದಕ್ಕೆ ನೀರು ತರುತ್ತವೆ. ಹೊರಹೋಗಲು ಇರುವ ದಾರಿ ಉಪ್ಪುಟೇರು ಒಂದೇ. ಅದು ಸುಮಾರು 60 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತದೆ. ಸರೋವರ ಬಹಳ ಆಳವಿಲ್ಲ, ಸಾಮಾನ್ಯವಾಗಿ ನಿಂತವನ ಎದೆಮಟ್ಟ. ಆದರೆ ಅದು ಹರಡಿಕೊಳ್ಳುವ ರೀತಿ ಅಸಾಧಾರಣವಾದುದು. ಮಳೆಗಾಲದಲ್ಲಿ ನೀರು ಒಂದೆರಡು ಅಡಿ ಏರಿದರೆ ಸಾಕು, ವಿಸ್ತಾರ ಎಷ್ಟೋ ಪಟ್ಟು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೀಗೆ ನೆರೆಯ ನೀರನ್ನು ತನ್ನೊಳಗೆ ಹರಡಿಕೊಂಡು ನಿಧಾನವಾಗಿ ಕಡಲಿಗೆ ಬಿಡುವುದೇ ಅದರ ಕೆಲಸ. ಸಮುದ್ರಮಟ್ಟದಿಂದ 5 ಅಡಿ ಎತ್ತರದ ರೇಖೆಯ ಒಳಗಿನ 308 ಚದರ ಕಿಲೋಮೀಟರನ್ನು 1999ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2002ರಲ್ಲಿ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿದಾಗ ಅದರ ವಿಸ್ತಾರವನ್ನು 901 ಚದರ ಕಿಲೋಮೀಟರೆಂದು ದಾಖಲಿಸಲಾಯಿತು. ಕರ್ನಾಟಕದ ರಂಗನತಿಟ್ಟಿಗೆ ಆ ಗೌರವ ದೊರೆತುದು 2022ರಲ್ಲಿ.

ಈ ನೀರಿಗೂ ಕನ್ನಡ ನಾಡಿನ ಇತಿಹಾಸಕ್ಕೂ ಹದಿನಾಲ್ಕು ಶತಮಾನಗಳ ನಂಟಿದೆ. ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ, ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಶಾಸನವನ್ನು ನಾವೆಲ್ಲ ಶಾಲೆಯಲ್ಲಿ ಹರ್ಷನ ಸೋಲಿಗಾಗಿ ಓದಿದ್ದೇವೆ. ಅದೇ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಪಿಷ್ಟಪುರದ, ಅಂದರೆ ಇಂದಿನ ಪೀಠಾಪುರದ ಕೋಟೆಯನ್ನು ಗೆದ್ದ ಸಂಗತಿಯೂ ಕುನಾಲದ ನೀರು ಹತರಾದವರ ರಕ್ತದಿಂದ ಕೆಂಪಾದ ವರ್ಣನೆಯೂ ಇದೆ. ಆ ಕುನಾಲವೇ ಕೊಲ್ಲೇರು ಎಂದು ಶಾಸನವನ್ನು ಸಂಪಾದಿಸಿದ ಕೀಲ್ಹಾರ್ನ್ ಗುರುತಿಸಿದರು. ಯುದ್ಧಾನಂತರ ಪುಲಕೇಶಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ಇಲ್ಲಿ ನಿಲ್ಲಿಸಿದನು. ಅವನ ಸಂತತಿಯೇ ವೆಂಗಿಯ ಪೂರ್ವ ಚಾಲುಕ್ಯರು. ಏಲೂರಿನ ಬಳಿಯ ಪೆದವೇಗಿಯೇ ಆ ಹಳೆಯ ವೆಂಗಿ. ನಮ್ಮ ಆದಿಕವಿ ಪಂಪನ ಪೂರ್ವಜರೂ ವೆಂಗಿಮಂಡಲದವರೇ ಎಂಬುದು ಅವನ ಮಾತಿನಿಂದಲೇ ತಿಳಿಯುತ್ತದೆ. ದಂಡೆಯಲ್ಲಿ ಕುಳಿತು ಈ ಕಥೆಯನ್ನು ಮಕ್ಕಳಿಗೆ ಹೇಳುವುದಕ್ಕೆ ಐದು ನಿಮಿಷ ಸಾಕು. ಪರೀಕ್ಷೆಗಾಗಿ ಓದಿದ ಇತಿಹಾಸಕ್ಕಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಕೈಕಲೂರಿನ ಪಕ್ಕದ ಆಟಪಾಕ ಪಕ್ಷಿಧಾಮದಲ್ಲಿ ಕುಳಿತು ಕಾಯುವುದೇ ಈ ದಿನದ ಮುಖ್ಯ ಕಾರ್ಯಕ್ರಮ. ಅರಣ್ಯ ಇಲಾಖೆಯ ದೋಣಿಯಲ್ಲಿ ಒಂದು ಸುತ್ತು ಹೋಗಿ ಬರಬಹುದು, ಆದರೆ ದೋಣಿಗಿಂತ ದಂಡೆಯೇ ಮೇಲು. ಇಲ್ಲಿನ ಪ್ರಧಾನ ಅತಿಥಿ ಹೆಜ್ಜಾರ್ಲೆ. ತೆಲುಗಿನಲ್ಲಿ ಗೂಡಬಾತು ಎನ್ನುತ್ತಾರೆ. ಕೊಕ್ಕಿನ ಕೆಳಗೆ ಚೀಲ ಜೋತುಬಿದ್ದ ಈ ಬೂದುಬಣ್ಣದ ಭಾರಿ ಹಕ್ಕಿ ನೆಲದ ಮೇಲೆ ವಕ್ರವಾಗಿ ಕಾಣುತ್ತದೆ, ಗಾಳಿಯಲ್ಲಿ ತೇಲುವಾಗ ವಿಮಾನದ ಗಾಂಭೀರ್ಯವಿರುತ್ತದೆ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಇಲ್ಲಿ ಅವು ಗೂಡು ಕಟ್ಟಿ ಮರಿ ಮಾಡುತ್ತವೆ. ಜೊತೆಗೆ ಬಣ್ಣದ ಕೊಕ್ಕರೆ, ನೀರುಕಾಗೆ, ಬಾಯ್ಕಳಕ, ನೇರಳೆ ಜಂಬುಕೋಳಿಗಳು. ಗೂಡುಗಳಿರುವುದು ಬಹುಮಟ್ಟಿಗೆ ಮರಗಳ ಮೇಲಲ್ಲ, ನೀರಿನಲ್ಲಿ ನೆಟ್ಟ ಕಬ್ಬಿಣದ ಕಂಬಗಳ ಮೇಲಿನ ತಟ್ಟೆಗಳಲ್ಲಿ. ಮರಗಳು ಸಾಲದಾದಾಗ ಅರಣ್ಯ ಇಲಾಖೆಯವರು ಕಟ್ಟಿಕೊಟ್ಟ ಈ ಕೃತಕ ಮರಗಳನ್ನು ಹಕ್ಕಿಗಳು ಒಪ್ಪಿಕೊಂಡವು. ಮೊದಲ ನೋಟಕ್ಕೆ ಅಂದಗೆಟ್ಟಂತೆ ತೋರಿದರೂ ಒಂದೊಂದು ಕಂಬದ ಮೇಲೆ ಮೂರು ನಾಲ್ಕು ಸಂಸಾರಗಳನ್ನು ಕಂಡ ಮೇಲೆ ಕಬ್ಬಿಣ ಮರೆತುಹೋಗುತ್ತದೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೋಡಿದವರಿಗೆ ಇಲ್ಲಿ ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ಅಲ್ಲಿ ಇದೇ ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಕೊಲ್ಲೇರಿನ ಸೀಮೆಯಲ್ಲಿಯೂ ಒಮ್ಮೆ ಅಂಥ ಊರಿತ್ತು. 1940ರ ದಶಕದಲ್ಲಿ ಕೇರಳದ ಪಕ್ಷಿತಜ್ಞ ಕೆ. ಕೆ. ನೀಲಕಂಠನ್ ಅವರು ಪಶ್ಚಿಮ ಗೋದಾವರಿಯ ಅರೇಡು ಗ್ರಾಮದ ಹೆಜ್ಜಾರ್ಲೆಗಳ ಬಗ್ಗೆ ಬರೆದರು. ಮುಂದೆ ಆ ನೆಲೆ ಬರಿದಾಯಿತು, ಹಲವು ದಶಕಗಳ ಬಳಿಕ ಆಟಪಾಕದಲ್ಲಿ ಅವು ಮತ್ತೆ ಬೀಡುಬಿಟ್ಟವು.

ಹಕ್ಕಿಗಳು ಏಕೆ ಮರಳಿದವು ಎಂಬ ಪ್ರಶ್ನೆಗೆ ಉತ್ತರ ಸುತ್ತಲ ಮೀನುಕೆರೆಗಳಲ್ಲಿದೆ. ಒಂದು ಹೆಜ್ಜಾರ್ಲೆಗೆ ದಿನಕ್ಕೆ ಒಂದು ಕಿಲೋಗ್ರಾಮಿನ ಆಸುಪಾಸು ಮೀನು ಬೇಕು. ಮರಿಗಳಿದ್ದರೆ ಇನ್ನೂ ಹೆಚ್ಚು. ಕಾಟ್ಲಾ, ರೋಹು ಸಾಕುವ ಸಾವಿರಾರು ಎಕರೆ ಕೆರೆಗಳು ಅವುಗಳ ಪಾಲಿಗೆ ತೆರೆದ ಅನ್ನಛತ್ರ. ಕೆರೆಯ ಯಜಮಾನರಿಗೆ ಇದು ಸಂತೋಷದ ವಿಷಯವಲ್ಲ, ಬಲೆ ಹೊದಿಸುವುದು, ದಾರ ಕಟ್ಟುವುದು, ಸದ್ದು ಮಾಡಿ ಓಡಿಸುವುದು ನಡೆದೇ ಇರುತ್ತದೆ. ಇಂಥದೇ ಒಂದು ಘಟನೆ ಕೀನ್ಯಾದ ನಕುರು ಸರೋವರದಲ್ಲಿ ನಡೆಯಿತು. ಆ ಕ್ಷಾರಜಲದಲ್ಲಿ ಮೊದಲು ಮೀನುಗಳಿರಲಿಲ್ಲ. ನೀಲಿಹಸಿರು ಪಾಚಿಯನ್ನು ತಿನ್ನುವ ರಾಜಹಂಸಗಳ ರಾಜ್ಯ ಅದಾಗಿತ್ತು. 1960ರ ಸುಮಾರಿಗೆ ಸೊಳ್ಳೆಗಳನ್ನು ತಡೆಯಲೆಂದು ಒಂದು ಜಾತಿಯ ತಿಲಾಪಿಯಾ ಮೀನನ್ನು ಬಿಟ್ಟರು. ಮೀನು ಹೆಚ್ಚಿತು, ಅದನ್ನು ಹಿಂಬಾಲಿಸಿ ಬಿಳಿ ಹೆಜ್ಜಾರ್ಲೆಗಳು ಬಂದವು. ಅವು ನೆರೆಯ ಎಲ್ಮೆಂಟೈಟಾ ಸರೋವರದಲ್ಲಿ ಗೂಡು ಕಟ್ಟಿ, ಊಟಕ್ಕೆ ಮಾತ್ರ ನಕುರುವಿಗೆ ಹಾರಿ ಬರುತ್ತವೆ. ನಾವು ಪ್ರಕೃತಿಯ ಸಹಜ ದೃಶ್ಯವೆಂದು ಚಿತ್ರ ತೆಗೆದುಕೊಳ್ಳುವುದರ ಹಿಂದೆ ಮನುಷ್ಯನ ಕೈ ಎಷ್ಟಿರುತ್ತದೆ ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಮೀನುಕೆರೆಗಳ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಅಗತ್ಯ. ಹಿಂದೆ ಕೊಲ್ಲೇರಿನ ನಡುಗಡ್ಡೆಗಳಲ್ಲಿ, ಅಂಚಿನಲ್ಲಿ ವಾಸಿಸುತ್ತಿದ್ದ ವಡ್ಡಿ ಸಮುದಾಯದ ಬೆಸ್ತರು ಮಳೆಗಾಲದಲ್ಲಿ ಮೀನು ಹಿಡಿದು, ನೀರು ಇಳಿದಾಗ ಭತ್ತ ಬೆಳೆಯುತ್ತಿದ್ದರು. ಕೊಲ್ಲೇಟಿಕೋಟದ ಪೆದ್ದಿಂಟ್ಲಮ್ಮ ಅವರ ಅಧಿದೇವತೆ. ಫಾಲ್ಗುಣದಲ್ಲಿ ಜಾತ್ರೆ ನಡೆಯುತ್ತದೆ. 1970ರ ದಶಕದಲ್ಲಿ ಸರ್ಕಾರವು ಈ ಬಡ ಬೆಸ್ತರ ಸಹಕಾರ ಸಂಘಗಳಿಗೆ ಸರೋವರದ ನೆಲವನ್ನು ಹಂಚಿ ಕೆರೆ ಕಟ್ಟಲು ನೆರವು ನೀಡಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಕೆರೆಯ ಕೃಷಿಗೆ ಏರಿ, ಮರಿಮೀನು, ತೌಡು, ಹಿಂಡಿ, ಮಂಜುಗಡ್ಡೆ, ಕೋಲ್ಕತ್ತಾ ಮತ್ತು ಅಸ್ಸಾಮಿನ ಮಾರುಕಟ್ಟೆಗಳಿಗೆ ಲಾರಿ, ಇವೆಲ್ಲಕ್ಕೂ ಮುಂಗಡ ಬಂಡವಾಳ ಬೇಕು. ಹಣ ಮರಳುವುದು ಮೀನು ಬೆಳೆದ ತಿಂಗಳುಗಳ ನಂತರ. ಸಾಲದ ಕಾಗದಗಳ ನಡುವೆ ಆಯುಷ್ಯ ಕಳೆದ ನನಗೆ ಮುಂದಿನದನ್ನು ಊಹಿಸಲು ಕಷ್ಟವಾಗಲಿಲ್ಲ. ಜಮೀನು ಸಂಘದ ಹೆಸರಿನಲ್ಲಿ ಉಳಿಯಿತು, ಬಂಡವಾಳ ಹೊರಗಿನವರದಾಯಿತು, ಬೆಸ್ತನು ತನ್ನದೇ ಕೆರೆಯನ್ನು ಗುತ್ತಿಗೆಗೆ ಕೊಟ್ಟು ಅದರಲ್ಲಿಯೇ ಕೂಲಿಯಾದನು. 1990ರ ದಶಕದ ಹೊತ್ತಿಗೆ ಸರೋವರದ ಬಹುಭಾಗ ಏರಿಗಳಿಂದ ತುಂಡುತುಂಡಾಗಿತ್ತು.

ಏರಿ ಕಟ್ಟಿದ ಕೆರೆ ಮತ್ತು ತೆರೆದ ಸರೋವರ ಎರಡರಲ್ಲಿಯೂ ನೀರಿರುತ್ತದಲ್ಲವೇ, ತೊಂದರೆಯೇನು ಎಂದು ಕೇಳುವವರುಂಟು. ತೊಂದರೆ ಇಷ್ಟೇ: ಕೆರೆ ಈಗಾಗಲೇ ತುಂಬಿದೆ, ನೆರೆಯ ನೀರಿಗೆ ಅದರಲ್ಲಿ ಜಾಗವಿಲ್ಲ. ಹರಡಿಕೊಳ್ಳಬೇಕಾದ ನೀರು ಏರಿಗಳ ನಡುವೆ ಸಿಕ್ಕಿ ಹಿಂದಕ್ಕೆ ನಿಲ್ಲುತ್ತದೆ, ಮೇಲಿನ ಊರುಗಳಿಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಸರೋವರದಿಂದ ಹೊರಹರಿಯುವ ಸಿಹಿನೀರು ಕಡಿಮೆಯಾದಾಗ ಉಪ್ಪುಟೇರಿನ ಮೂಲಕ ಕಡಲಿನ ನೀರು ಒಳಗೆ ಬರುತ್ತದೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದ ಬೆನ್ನಲ್ಲಿ ಆಪರೇಷನ್ ಕೊಲ್ಲೇರು ಎಂಬ ಹೆಸರಿನಲ್ಲಿ 5 ಅಡಿ ರೇಖೆಯ ಒಳಗಿನ ಏರಿಗಳನ್ನು ಯಂತ್ರಗಳಿಂದಲೂ ಸಿಡಿಮದ್ದಿನಿಂದಲೂ ಒಡೆಯಲಾಯಿತು. ಆದರೆ ಕೆರೆಗಳು ಮತ್ತೆ ಮೂಡಿದವು. 2008ರಲ್ಲಿ ರಾಜ್ಯದ ವಿಧಾನಸಭೆಯು ವನ್ಯಜೀವಿಧಾಮದ ಎಲ್ಲೆಯನ್ನು 3 ಅಡಿ ರೇಖೆಗೆ ಇಳಿಸಬೇಕೆಂದು ನಿರ್ಣಯಿಸಿತು. ಅನಂತರ ನೇಮಕವಾದ ತಜ್ಞರ ಸಮಿತಿಯು ಅದನ್ನು ಒಪ್ಪಲಿಲ್ಲ. ಒಡೆದದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಬಂಡವಾಳ ಹೂಡಿದವನು ಇನ್ನೊಂದು ಕಡೆ ಕೆರೆ ಕಟ್ಟಿಕೊಳ್ಳಬಲ್ಲ, ಕೂಲಿಯಾದ ಬೆಸ್ತನಿಗೆ ಬೇರೆ ಏನೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಅವನ ಜೀವನೋಪಾಯದ ವ್ಯವಸ್ಥೆ ಮೊದಲು ಆಗಬೇಕಿತ್ತು.

ಇದು ದೂರದ ಹಳ್ಳಿಗಳ ಸಮಸ್ಯೆ ಎಂದು ವಿಜಯವಾಡದ ನಾವು ಭಾವಿಸಿದ್ದೆವು. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರ ಮಳೆ ಆ ಭಾವನೆಯನ್ನು ಕೊಚ್ಚಿಕೊಂಡು ಹೋಯಿತು. ಬುಡಮೇರಿಗೆ ವಿಜಯವಾಡದ ದುಃಖ ಎಂಬ ಹೆಸರು ಹಳೆಯದು. ಅದರ ನೆರೆಯನ್ನು ಊರಿಗೆ ಬಾರದಂತೆ ವೆಲಗಲೇರಿನ ಬಳಿ ತಡೆದು, ತಿರುವು ಕಾಲುವೆಯ ಮೂಲಕ ಇಬ್ರಾಹಿಂಪಟ್ಟಣದ ಕಡೆಯಿಂದ ಕೃಷ್ಣೆಗೆ ಬಿಡುವ ಏರ್ಪಾಡು ಇದೆ. ಆದರೆ ಕೃಷ್ಣೆಯೇ ತುಂಬಿದ್ದರೆ ಅವಳು ಇನ್ನೊಂದು ಹೊಳೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ಸ್ ನೀರು ಹರಿಯಿತು. 1957ರಲ್ಲಿ ಅದನ್ನು ಕಟ್ಟಿದ ಮೇಲೆ ಅಷ್ಟು ನೀರು ಎಂದೂ ಬಂದಿರಲಿಲ್ಲ. ಕೊಂಡಪಲ್ಲಿಯ ಸಮೀಪದಲ್ಲಿ ತಿರುವು ಕಾಲುವೆಯ ಏರಿ ಮೂರು ಕಡೆ ಒಡೆದು, ನೀರು ತನ್ನ ಹಳೆಯ ದಾರಿ ಹಿಡಿದು ಸಿಂಗ್ ನಗರ ಮೊದಲಾದ ಬಡಾವಣೆಗಳನ್ನು ಮುಳುಗಿಸಿತು. ಬಿರುಕುಗಳನ್ನು ಮುಚ್ಚಲು ಸೈನ್ಯ ಬರಬೇಕಾಯಿತು. ನಮ್ಮ ಪರಿಚಿತ ಕನ್ನಡ ಕುಟುಂಬವೊಂದು ವೃದ್ಧ ತಾಯಿಯೊಡನೆ ಮೂರು ದಿನ ಮಹಡಿಯ ಮೇಲೆ, ಕೆಳಗೆ ನಿಂತ ನೀರನ್ನು ನೋಡುತ್ತಾ ಕಳೆಯಿತು. ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು. ಆ ನೆರೆಗೆ ಕಾರಣಗಳು ಹಲವು: ಅಸಾಧಾರಣ ಮಳೆ, ಹೊಳೆಯ ಪಾತ್ರದಲ್ಲಿ ಎದ್ದ ಮನೆಗಳು, ದುರ್ಬಲವಾದ ಏರಿ. ಒಳಗೆ ಬಂದ ನೀರು ಬೇಗ ಇಳಿಯಬೇಕಾದರೆ ಕೆಳಗೆ ಕೊಲ್ಲೇರಿನಲ್ಲಿ ಜಾಗವಿರಬೇಕು, ಉಪ್ಪುಟೇರು ಹೂಳಿಲ್ಲದೆ ಹರಿಯಬೇಕು ಎಂಬುದು ಮಾತ್ರ ನಿರ್ವಿವಾದ.

ಆಫ್ರಿಕಾದಲ್ಲಿಯೂ ಈಗ ನೀರು ಪ್ರವಾಸಿಗಳ ಜಗಲಿಯನ್ನು ಕೇಳುತ್ತಿದೆ. 2010ರ ದಶಕದಿಂದ ರಿಫ್ಟ್ ಕಣಿವೆಯ ಸರೋವರಗಳ ಮಟ್ಟ ಏರುತ್ತಾ ಬಂದು ನಕುರು ಉದ್ಯಾನದ ಹಳೆಯ ಮುಖ್ಯದ್ವಾರ ಮುಳುಗಿತು, ಪಾಚಿ ತೆಳುವಾಗಿ ಬಹಳಷ್ಟು ರಾಜಹಂಸಗಳು ಬೊಗೋರಿಯಾ ಸರೋವರಕ್ಕೆ ವಲಸೆ ಹೋದವು. ನೈವಾಷಾದ ದಂಡೆಯಲ್ಲಿ ಮನೆಗಳೂ ವಸತಿಗೃಹಗಳೂ ನೀರಿಗೆ ಸಿಕ್ಕಿದವು.

ಇನ್ನು ವ್ಯಾವಹಾರಿಕ ವಿಷಯಗಳು. ರಾತ್ರಿ ನೀರಿನ ಪಕ್ಕದಲ್ಲಿಯೇ ತಂಗಬೇಕೆನ್ನುವವರಿಗೆ ವಿಜಯವಾಡದ ಭವಾನಿಪುರಂನಲ್ಲಿ, ಬರ್ಮ್ ಪಾರ್ಕಿನಲ್ಲಿ ಪ್ರವಾಸೋದ್ಯಮ ನಿಗಮ ಕಟ್ಟಿದ ನದೀತೀರದ ವಸತಿಗೃಹವಿದೆ. ಬ್ಯಾರೇಜಿನ ಹಿನ್ನೀರಿನ ನಡುವಿನ 133 ಎಕರೆಯ ಭವಾನಿ ದ್ವೀಪದಲ್ಲಿಯೂ ಕುಟೀರಗಳನ್ನು ಕಟ್ಟಿದ್ದರು. ಆ ದ್ವೀಪ ಪ್ರತಿ ದೊಡ್ಡ ನೆರೆಯಲ್ಲಿಯೂ ಪೆಟ್ಟು ತಿನ್ನುವುದರಿಂದ ಹೋಗುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ಎದುರಿಗೆ ಕಾಣುವ ನೀರು ಆಲಮಟ್ಟಿ, ನಾರಾಯಣಪುರ, ತುಂಗಭದ್ರೆಗಳಿಂದ ಶ್ರೀಶೈಲ, ನಾಗಾರ್ಜುನಸಾಗರಗಳನ್ನು ಹಾದು ಬಂದ ನಮ್ಮೂರಿನ ನೀರು.

ಕೊಲ್ಲೇರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ದೂರದರ್ಶಕ, ಟೋಪಿ, ಕುಡಿಯುವ ನೀರು ಜೊತೆಗಿರಲಿ. ಬುತ್ತಿಗೆ ಮೊಸರನ್ನ ಮತ್ತು ಪುಳಿಯೋಗರೆ ಸಾಕು. ತಿಂದ ಎಲೆ, ಪೊಟ್ಟಣಗಳನ್ನು ಮರಳಿ ತರಬೇಕು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಏನೂ ನಡೆಯುವುದಿಲ್ಲ. ಹಿರಿಯರು ನೆರಳಿನಲ್ಲಿ ಒರಗಬಹುದು, ಮಕ್ಕಳು ಗೂಡುಗಳನ್ನು ಎಣಿಸಬಹುದು. ನಾಲ್ಕೂವರೆಯ ನಂತರ ದಕ್ಷಿಣದ ಕೆರೆಗಳ ಕಡೆಯಿಂದ ಹೆಜ್ಜಾರ್ಲೆಗಳು ಐದಾರರ ಸಾಲುಗಳಲ್ಲಿ ಬರತೊಡಗುತ್ತವೆ. ರೆಕ್ಕೆ ಬಡಿಯದೆ ತೇಲಿ ಬಂದು, ಕಾಲು ಮುಂದೆ ಚಾಚಿ ನೀರನ್ನು ಗೀರುತ್ತಾ ಇಳಿದು, ತಮ್ಮ ತಮ್ಮ ಕಂಬಗಳನ್ನು ಹುಡುಕಿಕೊಳ್ಳುತ್ತವೆ. ಮರಿಗಳು ತಾಯಿಯ ಗಂಟಲಿನೊಳಕ್ಕೆ ತಲೆ ತೂರಿಸಿ ಮೀನು ಎಳೆದುಕೊಳ್ಳುವಾಗಿನ ಗದ್ದಲ ದಂಡೆಯವರೆಗೂ ಕೇಳಿಸುತ್ತದೆ. ಕತ್ತಲಾಗುವವರೆಗೆ ಇದನ್ನು ನೋಡಿ ಹೊರಟರೂ ಗುಡಿವಾಡ ಮಾರ್ಗವಾಗಿ ರಾತ್ರಿಯ ಊಟದ ಹೊತ್ತಿಗೆ ವಿಜಯವಾಡವನ್ನು ಸೇರಬಹುದು. ವಿಶಾಖಪಟ್ಟಣದವರು ಏಲೂರಿಗೆ ಹೋಗಿ ರೈಲು ಹಿಡಿಯುವುದು ಅನುಕೂಲ.